ಲಾಡಿ ಕಟ್ಟಿದ ಕಂಪ್ಯೂಟರು

ನಮ್ಮ ಹಿತ್ತಲಿಗೆ ಅಂಟಿದ ಮನೆಯ ಟೈಪಿಂಗ್ ಟೀಚರ್ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ದರ್ಜಿಯ ಬಾಯಲ್ಲಿ ಗುಂಡುಸೂಜಿ ನೋಡಿದ್ದೆ; ಹೆಂಗಸಿನ ಬಾಯಲ್ಲಿ ಸ್ಕ್ರೂ ನೋಡಿದ್ದು ಅವರಲ್ಲೇ. ನುಂಗಿಬಿಟ್ಟರೆ ಏನು ಗತಿ ಎಂದು ಕೇಳುತ್ತಿದ್ದೆ. "ನುಂಗಿದ್ರೆ ಹೊಟ್ಟೆ ಗಟ್ಟಿಯಾಗುತ್ತೆ ಬಿಡ್ರೀ," ಎಂದು ಹಲ್ಲಿನ ಸಂದಿಯಿಂದಲೇ ನಗುವರು.

ತರೀಕೆರೆಯಲ್ಲಿ ಟೈಪಿಂಗ್ ಕ್ಲಾಸ್ ನಡೆಸುತ್ತಿದ್ದವರು. ಬೆರಳಚ್ಚು ಯಂತ್ರ ಹೋಗಿ ಕಂಪ್ಯೂಟರ್ ಬಂದಾಗ ಅದರ ಹೊಟ್ಟೆ ಬಿಚ್ಚಿ ಜೋಡಿಸುವುದನ್ನೂ ಕಲಿತರು. ಗಂಡ ತೀರಿಕೊಂಡು, ಮಗಳು ಅಜ್ಜಂಪುರದ ಸೊಸೆಯಾದ ಮೇಲೆ ಕ್ಲಾಸ್ ಮುಚ್ಚಿ ಕಡೂರಿನ ತವರುಮನೆಗೆ ಬಂದರು. ಮಗಳ ಜೊತೆ ಫೋನಿನಲ್ಲಿ ದಖನಿ ಉರ್ದು, ಕಾಂಪೌಂಡಿನ ಈಚೆ ನನ್ನ ಜೊತೆ ಅಪ್ಪಟ ನಮ್ಮೂರ ಕನ್ನಡ.

ಅವರು ಎಂಥವರೆಂದು ನನಗೆ ಗೊತ್ತಾದದ್ದು ಒಂದು ಆಯುಧಪೂಜೆಯಂದು. ನಮ್ಮ ಯಜಮಾನರು ಕುಡುಗೋಲು, ಸುತ್ತಿಗೆ, ಸ್ಕೂಟರ್ ಕೀ ಜೊತೆ ಲ್ಯಾಪ್‌ಟಾಪನ್ನೂ ಮಣೆಯ ಮೇಲಿಟ್ಟರು. ಮುಚ್ಚಿಟ್ಟರೆ ಪೂಜೆ ಸಲ್ಲುವುದಿಲ್ಲವೆಂದು ತೆರೆದು, ಆನ್ ಮಾಡಿ, ಪರದೆಗೆ ಗಂಧ ಕುಂಕುಮ ಹಚ್ಚಿದರು. ಅದರ ಮುಂದೆಯೇ ಕಾಯಿ ಒಡೆದರು. ನೀರೆಲ್ಲ ಕೀಲಿಗಳ ಮೇಲೆ. ಪಟ್ ಎಂದು ಪರದೆ ಕಪ್ಪಾಯಿತು.

ನಾನು ಕಿರುಚಿಕೊಂಡೆ. ಲ್ಯಾಪ್‌ಟಾಪಿಗಾಗಿ ಅಲ್ಲ. ಸಿಂಗಟಗೆರೆಯ ಹೆಣ್ಣುಮಗಳಾದ ನಮ್ಮತ್ತೆ ಕೊನೆಗಾಲದಲ್ಲಿ ಹಾಡಿದ್ದ ಹಸೆ ಹಾಡು, ಆರತಿ ಹಾಡಿನ ರೆಕಾರ್ಡಿಂಗ್ ಇದ್ದದ್ದು ಅದೊಂದರಲ್ಲೇ.

ಟೀಚರ್ ಹಿತ್ತಲ ಬಾಗಿಲಿಂದ ಓಡಿಬಂದರು. "ಏನ್ರೀ, ಯಾರಿಗೇನಾಯ್ತು?"

"ಅತ್ತೆ ಹೋಗ್ಬಿಟ್ರು," ಎಂದೆ. ಅತ್ತೆ ತೀರಿಕೊಂಡು ವರ್ಷಗಳೇ ಆಗಿದ್ದವು. ಬಾಯಿಗೆ ಬಂದದ್ದು ಅದೇ.

"ಬಟನ್ ಒತ್ತಿ ನೋಡ್ಲಾ?" ಎಂದು ಯಜಮಾನರು ಬೆರಳು ಚಾಚಿದರು.

"ಮುಟ್ಟಿದ್ರೆ ಕೈ ಮುರೀತೀನಿ! ಪ್ಲಗ್ ಕೀಳ್ರೀ ಮೊದ್ಲು!" ಎಂದು ಟೀಚರ್ ಗದರಿದರು.

ಅಲ್ಲಿಯವರೆಗಿನ ಸಂಸಾರದಲ್ಲಿ ನಾನೇ ಅವರನ್ನು ಹಾಗೆ ಗದರಿಸಿರಲಿಲ್ಲ. ಯಜಮಾನರು ಕಕ್ಕಾಬಿಕ್ಕಿಯಾಗಿ ಪ್ಲಗ್ ಕಿತ್ತರು. ಟೀಚರ್ ಬ್ಯಾಟರಿ ತೆಗೆದು, ಲ್ಯಾಪ್‌ಟಾಪನ್ನು ಬೋರಲು ಹಾಕಿ ನೀರು ಬಸಿದು, ತಮ್ಮ ಮನೆಗೆ ಒಯ್ದರು. ನಾನು ಹಿಂದೆಯೇ ಹೋದೆ.

ಬಿಚ್ಚಿದರೆ ಒಳಗೆಲ್ಲ ಅಂಟಂಟು. "ಬೋರ್ಡ್ ಹೋಯ್ತು ಕಣ್ರೀ. ಕಾಯಿನೀರು ಸಿಹಿ, ನಿಮ್ಮ ದೇವ್ರಿಗೂ, ಇರುವೆಗೂ." ಅವರು ಲ್ಯಾಪ್‌ಟಾಪಿನ ಮೂಲೆಯಿಂದ ಒಂದು ಚಪ್ಪಟೆ ಡಿಸ್ಕ್ ಎಳೆದು ಬೆಳಕಿಗೆ ಹಿಡಿದರು. "ಇದ್ರ ಮೇಲೆ ಒಂದ್ ತೊಟ್ಟೂ ಬಿದ್ದಿಲ್ಲ. ನಿಮ್ಮತ್ತೆ ಇರೋದು ಇದ್ರಲ್ಲಿ."

ಕ್ಲಾಸಿನಿಂದ ತಂದಿದ್ದ ಹಳೆಯ ಡೆಸ್ಕ್‌ಟಾಪಿನ ಪಕ್ಕೆ ಬಿಚ್ಚಿದರು. ಲ್ಯಾಪ್‌ಟಾಪಿನ ಮೆಮೊರಿ ಪಟ್ಟಿಯನ್ನು ಅಳತೆ ಹಿಡಿದು, "ಇದು ಗಿಡ್ಡ, ಇಲ್ಲಿ ಕೂರಲ್ಲ," ಎಂದು ಬದಿಗಿಟ್ಟರು. ಡಿಸ್ಕಿಗೆ ವಯರು ಸರಿಯಾಗಿ ಕೂತಿತು. ಆದರೆ ಅದನ್ನಿಡುವ ಗೂಡು ದೊಡ್ಡದು, ಡಿಸ್ಕ್ ಲಟಲಟ ಅಲ್ಲಾಡುತ್ತಿತ್ತು. ಟೀಚರ್ ಎದ್ದು ಹೋಗಿ ಲಂಗದ ಲಾಡಿಯೊಂದನ್ನು ತಂದು ಬಿಗಿದು ಕಟ್ಟಿಬಿಟ್ಟರು.

"ಅಯ್ಯೋ ಶಿವನೇ, ಕಂಪ್ಯೂಟರಿಗೆ ಲಾಡಿಯಾ?"

"ನಮ್ಮ ಮಾನಾನೇ ಹಿಡ್ಕೊಂಡಿರುತ್ತೆ, ಒಂದ್ ಡಿಸ್ಕ್ ಹಿಡ್ಕಳಲ್ವಾ?"

ಅವರು ಕಂಪ್ಯೂಟರ್ ಆನ್ ಮಾಡಿದರು. ನಾನು ಪಂಚಾಕ್ಷರಿ ಜಪಿಸುತ್ತ ಕೂತೆ. ಅತ್ತೆಯ ದನಿ ಬಂತು. ಮದುಮಗಳನ್ನು ಹಸೆಗೆ ಕರೆಯುವ ಹಾಡು. ನಡುವೆ ಥಟ್ಟನೆ ಹಾಡು ನಿಂತು, "ಲೇ, ಹಾಲು ಉಕ್ತೈತೆ ನೋಡೇ!"

ನಾನು ದಡಬಡ ಎದ್ದು ಟೀಚರ್ ಅಡುಗೆಮನೆಯವರೆಗೂ ಓಡಿದ್ದೆ. ಒಲೆ ತಣ್ಣಗಿತ್ತು. ಅಲ್ಲೇ ಗೋಡೆ ಹಿಡಿದು ನಿಂತೆ. ಟೀಚರ್ ಬಾಯಿಂದ ಸ್ಕ್ರೂ ತೆಗೆದು, ತಲೆಯ ಮೇಲೆ ಸೆರಗು ಹೊದ್ದುಕೊಂಡರು. "ಮೊದ್ಲು ಇದನ್ನ ಇನ್ನೆರಡು ಕಡೆ ಕಾಪಿ ಮಾಡೋಣ," ಎಂದರು. "ಆಮೇಲೆ ಅಳ್ರೀ."

ಆ ಕಂಪ್ಯೂಟರನ್ನೇ ನಮ್ಮ ಮನೆಗೆ ಕಳಿಸಿಕೊಟ್ಟರು. ಸಂಜೆ ದೀಪ ಹಚ್ಚಿ ಅಂದಂದಿನ ಉಪಕಾರಗಳನ್ನು ನೆನೆಯುವುದು ನನ್ನ ರೂಢಿ. ಅಲ್ಲಿಂದಾಚೆಗೆ ಅವರನ್ನು ನೆನೆಯದ ಸಂಜೆ ಇರಲಿಲ್ಲ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಟೀಚರ್ ಕರಿಬೇವು ಕೇಳಿದರು. ನಾನು ಕೊಯ್ದು ತರುವಷ್ಟರಲ್ಲಿ ಬಟ್ಟೆ ಒಗೆಯುವ ಕಲ್ಲಿಗೆ ಒರಗಿ ಕೂತಿದ್ದರು. ಕರೆದೆ. ಅಲುಗಾಡಿಸಿದೆ. ಬಂದ ಡಾಕ್ಟರು ಹೃದಯ ನಿಂತಿದೆ ಎಂದರು. ಈಗ ತಾನೇ ಮಾತಾಡಿದ್ರಲ್ಲ, ಈಗ ತಾನೇ ಕೇಳಿದ್ರಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಕರಿಬೇವನ್ನು ಯಾರ ಕೈಗೆ ಕೊಡಬೇಕೋ ತಿಳಿಯಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅವರ ಮಗಳು ನಮ್ಮ ಮನೆಗೆ ಬಂದಳು. "ಆಂಟಿ, ಅಮ್ಮಿ ದನಿ ಏನಾದ್ರೂ ಐತಾ ನಿಮ್ಮತ್ರ? ಒಂದ್ ವಾಯ್ಸ್ ಮೆಸೇಜಾದ್ರೂ?"

ಫೋನನ್ನೆಲ್ಲ ಜಾಲಾಡಿದೆ. 'ಹೂಂ' ಅನ್ನುವುದನ್ನೂ ಟೈಪ್ ಮಾಡಿ ಕಳಿಸುತ್ತಿದ್ದವರು. ಫೋಟೊ ಇದ್ದವು, ಅಕ್ಷರ ಇದ್ದವು. ದನಿ ಇರಲಿಲ್ಲ. ಅವಳ ಫೋನಿನಲ್ಲೂ ಇಲ್ಲವಂತೆ. ನಮ್ಮತ್ತೆಯನ್ನು ಉಳಿಸಿಕೊಟ್ಟವರದು ಒಂದು ಮಾತೂ ಈ ಭೂಮಿಯ ಮೇಲೆ ಉಳಿದಿಲ್ಲವೇ ಎನಿಸಿತು.

ಬೇರೇನೂ ತೋಚದೆ, ಅವರು ಕಾಂಪೌಂಡಿನ ಮೇಲಿಂದ ನನ್ನನ್ನು ಕೂಗುತ್ತಿದ್ದ ಹಾಗೆ, ಅದೇ ರಾಗದಲ್ಲಿ ಕೂಗಿದೆ: "ಏನ್ರೀ... ಒಗ್ಗರಣೆ ಸೀಯ್ತೈತೆ, ಮೂಗು ಅಡ ಇಟ್ಟಿದೀರಾ?"

ಮಗಳು ಫಕ್ಕನೆ ನಕ್ಕಳು. ಮರುಗಳಿಗೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

"ಇನ್ನೊಂದ್ಸಲ ಹೇಳಿ, ಆಂಟಿ."

ಹೇಳಿದೆ.