ನಳಿಕೆ ಹೊರಗೆಳೆಯುವಾಗ ಕೇಳಿದ ಮಾತು

ಇಂಥ ಅನುಭವಗಳನ್ನು ರೋಗಿಗಳು ಹೇಳಿಕೊಂಡಾಗ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ, ನಂಬುತ್ತಿರಲಿಲ್ಲ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ಕಣ್ಣಾರೆ ನೋಡುವ ಡಾಕ್ಟರು ನಾನು. ನೀವೂ ನಂಬಲೇಬೇಕೆಂದಿಲ್ಲ. ನಡೆದದ್ದಷ್ಟನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ದೇಶಪಾಂಡೆ ನಗರದ ನನ್ನ ಕ್ಲಿನಿಕ್ಕಿಗೆ ಸುಮಿತ್ರಾಬಾಯಿ ಬಂದರು. ಧಾರವಾಡದಲ್ಲಿ ಮಕ್ಕಳಿಗೆ ಸಂಗೀತ ಕಲಿಸುವವರು. ಮೈಯಲ್ಲಿ ರಕ್ತ ಕಡಿಮೆಯಾಗುತ್ತಲೇ ಇತ್ತು, ಕಾರಣ ಸಿಕ್ಕಿರಲಿಲ್ಲ.

"ಒಂದು ಆಲಾಪ ಮುಗಿಸೋದ್ರಾಗ ದಮ್ಮು ಹತ್ತತದರಿ. ಬ್ಯಾರೆ ಕಡೆ ತೋರಿಸಿದ್ವಿ, ಹೊಟ್ಯಾಗ ಏನೂ ಇಲ್ಲ ಅಂದ್ರು" ಎಂದರು.

ಮಧ್ಯಾಹ್ನ ಎಂಡೋಸ್ಕೋಪಿಗೆ ಮಲಗಿಸಿದೆವು. ಮಂಪರಿನ ಇಂಜೆಕ್ಷನ್ ಕೊಟ್ಟಿದ್ದೆವು. ಗಂಟಲಿನಲ್ಲಿ ನಳಿಕೆ ಇತ್ತು, ಮಾತಾಡಲು ಸಾಧ್ಯವೇ ಇಲ್ಲ. ಜೊತೆಗೆ ಬಂದಿದ್ದ ತಂಗಿ ಕೆಳಗೆ ಔಷಧಿ ಅಂಗಡಿಯಲ್ಲಿದ್ದರು. ಮುಚ್ಚಿದ ಕೋಣೆಯೊಳಗೆ ಸುಮಿತ್ರಾಬಾಯಿಯನ್ನು ಬಿಟ್ಟರೆ ನಾನು ಮತ್ತು ನರ್ಸ್ ರೇಣುಕಾ, ಅಷ್ಟೇ.

ಜಠರವನ್ನು ಪೂರ್ತಿ ನೋಡಿದೆ. ನಳಿಕೆಯ ತುದಿ ಹಿಂದಕ್ಕೆ ಬಾಗಿಸಿ ಮೇಲ್ಭಾಗವನ್ನೂ ನೋಡಿದೆ. ಏನೂ ಕಾಣಲಿಲ್ಲ. ಹೊರಗೆಳೆಯತೊಡಗಿದೆ.

"ಇನ್ನೊಮ್ಮೆ ಹೊಳ್ಳಿ ನೋಡ್ರಿ."

ನನ್ನ ಬೆನ್ನ ಹಿಂದೆಯೇ, ವಯಸ್ಸಾದ ಹೆಂಗಸಿನ ಶಾಂತ ದನಿ. ರೇಣುಕಾ ಪರದೆಯಿಂದ ಕಣ್ಣು ತೆಗೆಯದೆ, "ನೋಡಾಕತ್ತಾರ್ರಿ" ಎಂದು ಉತ್ತರಿಸಿದಳು. ನಾನೂ ಯೋಚಿಸದೆ ಮತ್ತೆ ಒಳಗಿಳಿಸಿ, ಇನ್ನಷ್ಟು ಗಾಳಿ ತುಂಬಿದೆ. ಜಠರದ ಒಳಗೋಡೆಯ ಒಂದು ಮಡಿಕೆ ಬಿಚ್ಚಿಕೊಂಡಿತು. ಅದರ ಅಡಿಯಲ್ಲಿ ಸಣ್ಣ ತೊಟ್ಟಿನ ಮೇಲೆ ಪಾಲಿಪ್ ಎಂಬ ಕೆಂಪು ಗಂಟು, ರಕ್ತ ಜಿನುಗುತ್ತಿತ್ತು. ಆಗಲೇ ತಿರುಗಿ ನೋಡಿದ್ದು. ಹಿಂದೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

ರಕ್ತ ಏರಿಸಿ, ಮುಂದಿನ ವಾರ ತಂತಿಯ ಕುಣಿಕೆ ಹಾಕಿ ಅದನ್ನು ಬುಡಸಮೇತ ತೆಗೆದೆ. ತೀರ ಅಪರೂಪದ ಜಾತಿಯ ಪಾಲಿಪ್, ಒಳಗೆ ಕ್ಯಾನ್ಸರ್ ಆಗಷ್ಟೇ ಶುರುವಾಗಿದೆ, ಬುಡದಲ್ಲಿ ಉಳಿದಿಲ್ಲ ಎಂದು ವರದಿ ಬಂತು. ಸುಮಿತ್ರಾಬಾಯಿ ಈಗ ಆರಾಮಾಗಿ ಹಾಡುತ್ತಾರೆ. ಅವತ್ತಿನದು ಅವರಿಗೆ ಏನೂ ನೆನಪಿಲ್ಲ.

ವರದಿ ಬಂದ ದಿನ ರೇಣುಕಾಳನ್ನು ಕೇಳಿದೆ. "ಅವತ್ತ ನೋಡಾಕತ್ತಾರ್ರಿ ಅಂತ ಯಾರಿಗೆ ಅಂದಿ?"

"ನಿಮ್ಮ ಹಿಂದ ನಿಂತಿದ್ರಲ್ರಿ ಸರ್, ಅವ್ರಿಗೆ. ನಾ ತಿರುಗಿ ನೋಡಲಿಲ್ಲ, ಪೇಶಂಟ್ ಯಜಮಾನ್ರು ಅಂತ ತಿಳ್ಕೊಂಡೆ. ಹೊಳ್ಳಿ ನೋಡ್ರಿ ಅಂದ್ರಲ್ಲ."

"ಹೆಣ್ಣುಮಗಳ ದನಿ ಅಲ್ಲೇನು?"

"ಇಲ್ರಿ. ಗಂಡಸ್ರ ದನಿ, ಖರೇನ."

ಈಗಲೂ ನಳಿಕೆ ಹೊರಗೆಳೆಯುವ ಮುನ್ನ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಎಂದೂ ಏನೂ ಕೇಳಿಲ್ಲ.