ಚರ್ಮಕ್ಕೊಂದು ಚೀಟಿ, ಬೆರಳಿಗೊಂದು ಚೀಟಿ

ನರ್ಸರಿ ಅಕ್ಕನ ಬಲಗೈಯ ನಡುಬೆರಳು ಬುಡದಿಂದ ತುದಿಯವರೆಗೆ ಒಂದೇ ಸಮ ಊದಿಕೊಂಡು ಏಲಕ್ಕಿ ಬಾಳೆಹಣ್ಣಿನ ಹಾಗಿತ್ತು. ಪಕ್ಕದ ಬೆರಳುಗಳೆಲ್ಲ ಆಗಿನ್ನೂ ನೆಟ್ಟಗೇ ಇದ್ದವು. ಆ ಬೆರಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ, ಮೊದಲು ನನ್ನ ಮೇಲೆಯೇ.

ನೆಲ್ಯಹುದಿಕೇರಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್, ಅಂದರೆ ಹಾಜರಿ ಬರೆಯುವವನು. ಆಸ್ಪತ್ರೆಗೆ ಹೋಗುವವರಿಗೆ ಚೀಟಿ ಬರೆದುಕೊಡುವುದೂ ನನ್ನದೇ ಕೆಲಸ. ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರು ಅಲ್ಲಿನ ಸಸಿ ನರ್ಸರಿಯ ಕೆಲಸದವರು, ಹಾಸನದ ಕಡೆಯಿಂದ ಬಂದು ಕೂಲಿಯವರ ಲೈನ್ ಮನೆಯಲ್ಲಿದ್ದರು. ಕಾಫಿ ಸಸಿಯನ್ನು ಮಡಿಯಿಂದ ಕಿತ್ತು ಚೀಲಕ್ಕೆ ನೆಡುವಾಗ ಪ್ರತಿಯೊಂದರ ತಾಯಿಬೇರನ್ನೂ ಬೆರಳ ನಡುವೆ ಎಳೆದು ನೋಡುತ್ತಿದ್ದರು. ಸೊಟ್ಟಗಿದ್ದರೆ ಎಸೆದುಬಿಡುತ್ತಿದ್ದರು. ಎಲೆ ಚೆನ್ನಾಗಿದೆಯಲ್ಲ ಎಂದು ಮ್ಯಾನೇಜರು ಗೊಣಗಿದರೆ, “ನೀವು ಎಲೆ ನೋಡ್ತೀರಿ. ಮೂರು ವರ್ಷಕ್ಕೆ ಗಿಡ ಒಣಗಿದ್ರೆ ನನ್ನೇ ಬೈತೀರಿ,” ಎನ್ನುತ್ತಿದ್ದರು. ಯಾರಿಗೂ ಸೊಪ್ಪು ಹಾಕುವವರಲ್ಲ.

ಅವರ ಮೊಣಕೈ ಮೇಲೆ ಬೆಳ್ಳಗೆ ಸಿಪ್ಪೆ ಏಳುವ ಸೋರಿಯಾಸಿಸ್ ಇತ್ತು. ಅವರು ಮುಚ್ಚಿಡುತ್ತಿರಲಿಲ್ಲ. ನನಗೂ ಅದೇ ರೋಗ. ನಾನು ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ತೊಟ್ಟು ಮುಚ್ಚಿಡುತ್ತಿದ್ದೆ. ಅಂಟುತ್ತದೆ ಎಂದು ಅವರ ಲೋಟ ಮುಟ್ಟದ ಜನ ನನ್ನ ಜೊತೆ ಕೂತು ಚಹಾ ಕುಡಿಯುತ್ತಿದ್ದರು. ಅದು ಅಂಟುರೋಗವಲ್ಲ ಎಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ನಮ್ಮ ಎಸ್ಟೇಟಿನಲ್ಲಿ ಯಾವ ಕಾಯಿಲೆ ಬಂದರೂ ಅದಕ್ಕೊಂದು ಕೆಲಸದ ಹೆಸರು ಸಿದ್ಧವಾಗಿರುತ್ತದೆ. ಚರ್ಮ ಕೆಟ್ಟರೆ ಗಿಡಕ್ಕೆ ಬೋರ್ಡೋ ಔಷಧಿ ಹೊಡೆದದ್ದಕ್ಕೆ, ಬೆರಳು ಊದಿದರೆ ನರ್ಸರಿ ಕೆಲಸಕ್ಕೆ, ಹಿಮ್ಮಡಿ ನೋವು ಬಂದರೆ ಗಮ್ ಬೂಟಿಗೆ. ನಾನೂ ಕಣ್ಣುಮುಚ್ಚಿ ಹಾಗೆಯೇ ಬರೆದೆ, ಚರ್ಮಕ್ಕೊಂದು ಚೀಟಿ, ಬೆರಳಿಗೊಂದು ಚೀಟಿ. ಚರ್ಮದ ಡಾಕ್ಟರು ಮುಲಾಮು ಕೊಟ್ಟರು, ಬೆರಳಿನತ್ತ ತಿರುಗಿಯೂ ನೋಡಲಿಲ್ಲ. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, “ಮೂಳೆ ಚೆನ್ನಾಗಿದೆ, ಏನಿಲ್ಲ,” ಎಂದು ನೋವಿನ ಮಾತ್ರೆ ಕೊಟ್ಟರು. ಎದುರಿಗೇ ಇದ್ದ ಮೊಣಕೈ ಅವರ ಕಣ್ಣಿಗೆ ಬೀಳಲಿಲ್ಲ. ಹೀಗೇ ಮೂರು ವರ್ಷ ನಡೆಯಿತು. ಕೊನೆಗೆ ಬೆರಳು ಮಡಚಿದ ಹಾಗೇ ನಿಂತುಬಿಟ್ಟಿತು, ಪಕ್ಕದ ಎರಡು ಬೆರಳೂ ಹಿಂದೆಯೇ ಹೋದವು.

ಆಮೇಲೆ ಯಾರೋ ಮೈಸೂರಿನ ಸಂಧಿವಾತದ ಡಾಕ್ಟರ ಹತ್ತಿರ ಕಳಿಸಿದರು. ಅಕ್ಕ ಹೋಗಿಬಂದ ಮರುದಿನ ಬೆಳಿಗ್ಗೆ ಹಾಜರಿ ಹೊತ್ತಿನಲ್ಲಿ, ಎಲ್ಲರ ಎದುರಿಗೆ ನನ್ನ ಕೈ ಹಿಡಿದು ಉಗುರು ನೋಡಿದರು. ಉಗುರಿನ ತುಂಬ ಸೂಜಿ ಚುಚ್ಚಿದಂಥ ಗುಳಿಗಳಿದ್ದವು, ಅದೂ ಈ ರೋಗದ ಗುರುತೇ.

“ತೋಳು ಮುಚ್ಕೊಂಡ್ರೆ ಉಗುರು ಎಲ್ಲಿ ಇಡ್ತೀರಿ ರೈಟರೇ? ಬೆಳಿಗ್ಗೆ ಎದ್ದಾಗ ಎಲ್ಲಿ ನೋವು?”

“ಹಿಮ್ಮಡಿ. ಗಮ್ ಬೂಟಿಂದು. ಕೈ ಬಿಡಿ, ನಿಮ್ಮ ಕೆಲಸ ನೋಡ್ಕೊಳ್ಳಿ.”

“ಬೂಟಿಂದಂತೆ. ನಂಗೆ ನರ್ಸರಿದು ಅಂತ ಬರೆದ್ರಿ, ನಿಮಗೆ ಬೂಟಿಂದು ಅಂತ ಬರ್ಕೊಳ್ತೀರಾ? ಚರ್ಮದ್ದೂ ಕೀಲಿಂದೂ ಒಂದೇ ರೋಗವಂತೆ ಕಣ್ರೀ. ಬಸುರಿಯರ ಹೊಟ್ಟೆ ನೋಡ್ತಾರಲ್ಲ, ಆ ಸ್ಕ್ಯಾನಲ್ಲಿ ಮೊದಲೇ ಕಾಣ್ತದಂತೆ. ಎಕ್ಸ್‌ರೇಲಿ ಕಾಣೋ ಹೊತ್ತಿಗೆ ಮೂಳೆ ತಿಂದಿರ್ತದಂತೆ. ಹಾಳಾದ ಮೇಲೆ ತೋರಿಸೋ ಯಂತ್ರ ಯಾರಿಗೆ ಬೇಕು?”

ನನಗೆ ಬಂದದ್ದು ಸಿಟ್ಟು. ಗುಟ್ಟು ಬಯಲಾಯಿತೆಂಬ ಸಿಟ್ಟು. ವಾರವಿಡೀ ಅವರ ಮುಖ ನೋಡಲಿಲ್ಲ. ಅವರು ಬಿಡಬೇಕಲ್ಲ. ಭಾನುವಾರ ಡಾಕ್ಟರ ಹತ್ತಿರ ಹೋಗೋಣ ಎಂದವರಿಗೆ ಊರಿಗೆ ಹೋಗುತ್ತೇನೆಂದು ಸುಳ್ಳು ಹೇಳಿದರೆ, ಸೋಮವಾರ ರಜೆ ಹಾಕಿಸಿ, ತಾವೂ ಹಾಕಿ, ಮೈಸೂರು ಬಸ್ಸಿನಲ್ಲಿ ನನ್ನ ಪಕ್ಕ ಕೂತರು.

ಡಾಕ್ಟರಮ್ಮ ಮೊದಲು ಎಕ್ಸ್‌ರೇ ತೆಗೆಸಿದರು, ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ಹಿಮ್ಮಡಿಗೆ ತಣ್ಣನೆಯ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಸ್ನಾಯು ಬಂದು ಮೂಳೆಗೆ ಅಂಟುವ ಜಾಗ ದಪ್ಪಗಾಗಿತ್ತು. ಪರದೆಯ ಮೇಲೆ ಅಲ್ಲಿ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಮಿನುಗುತ್ತಿದ್ದವು. “ಉರಿಯೂತ ಇರೋದ್ರಿಂದ ಇಲ್ಲಿ ರಕ್ತ ನುಗ್ತಿದೆ. ಮೂಳೆಗೆ ಇನ್ನೂ ಏನೂ ಆಗಿಲ್ಲ. ಒಳ್ಳೆ ಸಮಯಕ್ಕೆ ಬಂದ್ರಿ,” ಎಂದರು.

ಅಕ್ಕ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು, “ನನ್ನ ಬೆರಳಲ್ಲೂ ಆಗ ಹಿಂಗೇ ಕೆಂಪಗೆ ಕಾಣ್ತಿತ್ತಾ, ಅಮ್ಮಾ?”

ಡಾಕ್ಟರಮ್ಮ ಜೆಲ್ ಒರೆಸಿಕೊಳ್ಳಲು ನನಗೆ ಕಾಗದ ಕೊಟ್ಟರು. ಔಷಧಿ ಬರೆಯಲು ಕೂತರು.

ಆ ಪ್ರಶ್ನೆ ನೆನಪಾದಾಗಲೆಲ್ಲ ನನಗೆ ಯಾರನ್ನಾದರೂ ಹಿಡಿದು ಬಡಿಯಬೇಕೆನಿಸುತ್ತದೆ. ಇಡೀ ತಾಲ್ಲೂಕಿನಲ್ಲಿ ಬಸುರಿಯರಿಗೆಂದು ಆ ಯಂತ್ರ ಇತ್ತು. ಅದನ್ನು ಒಂದು ಬೆರಳಿನ ಮೇಲೆ ಇಟ್ಟು ನೋಡಲು ಯಾರಿಗೂ ಹೊಳೆಯಲಿಲ್ಲ. ಎರಡೂ ನೋವನ್ನು ಒಂದೇ ಚೀಟಿಯಲ್ಲಿ ಬರೆಯಲು ನನಗೂ ಹೊಳೆಯಲಿಲ್ಲ, ಅದೇ ರೋಗ ನನ್ನ ಮೈಮೇಲೇ ಇದ್ದರೂ.

ನನಗೆ ಔಷಧಿ ಶುರುವಾಯಿತು. ಇವತ್ತಿಗೂ ಗುಡ್ಡ ಹತ್ತುತ್ತೇನೆ. ಸಸಿ ಹಿಡಿಯಲಾಗದ ಅಕ್ಕನನ್ನು ಎಸ್ಟೇಟಿನವರು ಕಾಫಿ ಒಣಗಿಸುವ ಕಣ ಗುಡಿಸುವ ಕೆಲಸಕ್ಕೆ ಹಾಕಿದರು. ಅವರ ಜಾಗಕ್ಕೆ ಬಂದವರು ಬೇರು ನೋಡುತ್ತಿರಲಿಲ್ಲ.

ಈಗ ಚೀಟಿ ಕೇಳಿ ಬಂದವರಿಗೆ ಮೊದಲು ನನ್ನ ಅಂಗಿಯ ತೋಳು ಮಡಚಿ ಮೊಣಕೈ ತೋರಿಸುತ್ತೇನೆ, ಆಮೇಲೆ ಅವರದನ್ನು ಕೇಳುತ್ತೇನೆ. ಚರ್ಮ, ಉಗುರು, ಕೀಲು, ಎಲ್ಲವನ್ನೂ ಒಂದೇ ಚೀಟಿಯಲ್ಲಿ ಬರೆಯುತ್ತೇನೆ.

ಹೋದ ಮಳೆಗಾಲ ಅಕ್ಕ ಎದೆನೋವು ಬಂದು ತೀರಿಕೊಂಡರು. ಅದರ ಹಿಂದಿನ ದಿನವೂ ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಆಫೀಸಿನ ಮುಂದೆ ನಿಂತು ಎಂದಿನಂತೆ ಕೇಳಿದ್ದರು, “ಹಿಮ್ಮಡಿ ಹೆಂಗಿದೆ ರೈಟರೇ?”

ಚೆನ್ನಾಗಿದೆ ಅಕ್ಕ ಎಂದೆ. ಬೆರಳು ಹೇಗಿದೆ ಎಂದು ತಿರುಗಿ ಕೇಳುವ ಮುಖ ಅಷ್ಟು ವರ್ಷದಲ್ಲಿ ಒಂದು ದಿನವೂ ನನಗಿರಲಿಲ್ಲ.