ಅಟ್ಟ ಹತ್ತಿದ ಕಾದಂಬರಿಗಳು

"ಅಮ್ಮಾ, ಶಿವರುದ್ರಜ್ಜಿ ಪುಸ್ತಕಾನೂ ಕಿವಿ ಹತ್ರ ಹಿಡ್ಕೊಂಡು ಅಲ್ಲಾಡಿಸ್ತಾರಲ್ಲ, ಅದರೊಳಗೂ ನೀರು ಇರುತ್ತಾ?"

ಇಂಪನಾ ಹೀಗೆ ಕೇಳಿದ್ದು ಪಂಚಾಯಿತಿ ಗ್ರಂಥಾಲಯದ ಮೆಟ್ಟಿಲ ಮೇಲೆ, ಒಂದು ಕಾಲಿಗೆ ಚಪ್ಪಲಿ ಹಾಕಿಸಿಕೊಂಡು ಇನ್ನೊಂದು ಕಾಲನ್ನು ಅಮ್ಮನ ಮಡಿಲಿಗೆ ಚಾಚಿಕೊಂಡು. ಅಮ್ಮ ನಯನಳಿಗೆ ನಗು ಬಂತು. ಒಳಗಿನಿಂದ ಶಿವರುದ್ರಮ್ಮನೇ ಕೂಗಿ ಹೇಳಿದರು:

"ಇರ್ತದೆ ಕಣೇ ಕೂಸೆ. ಕೆಲವದ್ರಲ್ಲಿ ಬರೀ ನೀರೇ ಇರ್ತದೆ."

ನೊಣವಿನಕೆರೆಯಿಂದ ಒಳದಾರಿ ಹಿಡಿದರೆ ಸಿಗುವ ಆ ಊರಿನಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಕಿತ್ತ ಕೂಡಲೇ ಯಾರೂ ಒಡೆಯುವುದಿಲ್ಲ. ಅಟ್ಟಕ್ಕೇರಿಸಿ, ವರ್ಷ ತುಂಬುತ್ತ ಬರುವವರೆಗೆ ಅದರ ಪಾಡಿಗೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಆಯಿತೋ ಇಲ್ಲವೋ ಎಂದು ತೀರ್ಮಾನಿಸುವುದು ಕಣ್ಣಲ್ಲ, ಕಿವಿ. ಅಲ್ಲಾಡಿಸಿದಾಗ ಗಡಗಡ ಅಂದರೆ ಕೆಳಗೆ, ಗುಳುಗುಳು ಅಂದರೆ ಮತ್ತೆ ಅಟ್ಟಕ್ಕೆ. ಮದುವೆಯಾಗಿ ಬಂದ ವರ್ಷದಿಂದ ಶಿವರುದ್ರಮ್ಮನದು ಇದೇ ಕೆಲಸ. ಗ್ರಂಥಾಲಯದಲ್ಲಿ ಪುಸ್ತಕ ಕೈಗೆ ಬಂದರೂ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಗುತ್ತಿತ್ತು. ಮೊದಲು ಅಭ್ಯಾಸಬಲ, ಆಮೇಲೆ ಗ್ರಂಥಪಾಲಕ ಮೋಹನ್ ಕುಮಾರನನ್ನು ನಗಿಸುವ ಆಟ.

ಅಸಲು ಪರೀಕ್ಷೆ ಬೇರೆಯೇ ಇತ್ತು. ಹೆಸರು ಮಾಡಿದವರ ಸಾಲಿನ ಕಡೆಗೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. ಪುಸ್ತಕದ ಕೊನೆಯ ಪುಟ ತೆಗೆದು ತಾರೀಖಿನ ಮುದ್ರೆ ಬಿದ್ದಿದೆಯೇ ನೋಡುವರು. ಒಂದೂ ಬಿದ್ದಿಲ್ಲವಾದರೆ ಅದೇ ಬೇಕು. "ಪಾಪ, ಬಂದು ಎಷ್ಟು ದಿನ ಆಯ್ತೋ, ಒಬ್ರೂ ಮಾತಾಡ್ಸಿಲ್ಲ" ಎನ್ನುತ್ತ ನಡುವಿನ ಒಂದು ಪುಟ ತೆರೆದು ಗಟ್ಟಿಯಾಗಿ ಓದುವರು. ಪೊಲೀಸ್ ಪರೀಕ್ಷೆಗೆ ಓದುತ್ತ ಕೂತ ಹುಡುಗರು ತಲೆಯೆತ್ತಿದರೆ, ಎತ್ತಿದ ತಲೆ ಇಳಿಸದೆ ಕೇಳಿದರೆ, ಪುಸ್ತಕ ಪಾಸು. ಹೀಗೆ ಊರಿಗೆ ಯಾರೂ ಕೇಳದ ಎಷ್ಟೋ ಲೇಖಕರು ಬಂದರು. ಹಲವರದು ಮೊದಲ ಪುಸ್ತಕ. ಫೋಟೋದಲ್ಲಿ ಮೀಸೆ ಸರಿಯಾಗಿ ಮೂಡದವರೂ ಇದ್ದರು.

ಪಕ್ಕದ ಮನೆಯ ನಯನ ಗ್ರಂಥಾಲಯದ ಮೆಟ್ಟಿಲು ಹತ್ತಿದ್ದೂ ಅವರಿಂದಲೇ. ಹೆರಿಗೆಯಾದಮೇಲೆ ಅವಳ ಓದೆಲ್ಲ ಫೋನಿನೊಳಗೆ ಸೇರಿಹೋಗಿತ್ತು. ಮಗುವಿಗೆ ಕೆಮ್ಮಾದರೆ ಏನು, ಹಲ್ಲು ಬಾರದಿದ್ದರೆ ಏನು, ಮಗು ಮಲಗಿದಮೇಲೆ ಯಾರದೋ ಅಡುಗೆ, ಯಾರದೋ ಕುಣಿತ. ಶಿವರುದ್ರಮ್ಮ ಒಂದು ದಿನ ನೋಡಿ, "ಹಂಗೇ ಉಜ್ತಾ ಇರು, ಹೆಬ್ಬೆಟ್ಟು ಸವೆದ್ಮೇಲೆ ಏನ್ ಮಾಡ್ತೀಯ?" ಎಂದು ತಮ್ಮ ಕಾರ್ಡಿನ ಮೇಲೆಯೇ ಅವಳಿಗೊಂದು ಕತೆ ಪುಸ್ತಕ ತಂದುಕೊಟ್ಟಿದ್ದರು. ಅದು ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಸಾರು ಒಂದಲ್ಲ ಎರಡು ಸಲ ತಳ ಹಿಡಿದಿತ್ತು.

ಶಿವರುದ್ರಮ್ಮನಿಗೆ ಅರವತ್ತು ದಾಟಿತ್ತು. ಗಂಡ ರೇವಣಸಿದ್ದಯ್ಯ ಕಡಿಮೆ ಮಾತಿನವರು. ಕೊಬ್ಬರಿ ವ್ಯಾಪಾರವನ್ನೆಲ್ಲ ನೋಡಿಕೊಳ್ಳುವವರು ಮೈದುನ ಶಂಭುಲಿಂಗಯ್ಯ. ತಿಪಟೂರಿನಲ್ಲಿ ಕೊಬ್ಬರಿ ಕೊಂಡು ಮಾರುವ ಮಂಡಿ, ಊರಲ್ಲಿ ಪಂಚಾಯಿತಿ ಮೆಂಬರ್. ಮನೆಯ ಹಿಂದಿನ ಅವರ ಶೆಡ್ಡಿನಲ್ಲಿ ಹೆಂಗಸರು ಕೂತು ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಾರೆ. ಊಟವಾದಮೇಲೆ ಕಣ್ಣು ಎಳೆಯುವ ಹೊತ್ತು, ಕೈಯಲ್ಲಿ ಮಚ್ಚು. ಒಮ್ಮೆ ಒಬ್ಬಳು ತೂಕಡಿಸಿ ಬೆರಳು ಕುಯ್ದುಕೊಂಡಮೇಲೆ ಶಿವರುದ್ರಮ್ಮ ಆ ಹೊತ್ತಿನಲ್ಲಿ ಪುಸ್ತಕ ಹಿಡಿದು ಬಂದು ಕೂತರು. ಓದಲು ಶುರುಮಾಡಿದಮೇಲೆ ಯಾರೂ ತೂಕಡಿಸಲಿಲ್ಲ. ಕೆಲಸವೂ ನಿಲ್ಲಲಿಲ್ಲ. ಶಂಭುಲಿಂಗಯ್ಯನಿಗೂ ಅಲ್ಲಿಯವರೆಗೆ ಯಾವ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಒಬ್ಬ ಹೊಸ ಲೇಖಕಿಯ ಕಾದಂಬರಿಯಿಂದ. ಇಟ್ಟಿಗೆ ಗೂಡಿನಲ್ಲಿ ದುಡಿಯುವ ಹೆಂಗಸರ ಕತೆ. ಅರ್ಧ ಪುಸ್ತಕಕ್ಕೆ ಬರುವಾಗ ಆ ಹೆಂಗಸರೆಲ್ಲ ಮಾಲೀಕನ ಮುಂದೆ ನಿಂತು ಬಾಗಿಲಿರುವ ಒಂದು ಕಕ್ಕಸು ಕೇಳುತ್ತಾರೆ. ಅದನ್ನು ಓದಿದ ಮಾರನೆಯ ದಿನವೇ, ವರ್ಷಗಟ್ಟಲೆ ಬಾಯಿ ಬಿಡದೆ ಕೆಲಸ ಮಾಡಿದ್ದ ಚಿಕ್ಕಗೌರಮ್ಮ ಸೆರಗು ಬಿಗಿದು ಶಂಭುಲಿಂಗಯ್ಯನ ಎದುರು ನಿಂತಳು.

"ಸ್ವಾಮೇರಾ, ಶೆಡ್ ಹಿಂದೆ ಒಂದು ಕಕ್ಕಸ್ ಕಟ್ಸಿ. ಬಾಗ್ಲಿರ್ಲಿ. ಒಳಗಡೆಯಿಂದ ಚಿಲಕಾನೂ ಇರ್ಲಿ."

"ಯಾರ್ ಹೇಳ್ಕೊಟ್ರು ನಿಂಗೆ?"

"ಪುಸ್ತಕದಾಗೈತೆ."

ಹೆಂಗಸರು ಬಗ್ಗಿಕೊಂಡು ನಕ್ಕರು. ಶಂಭುಲಿಂಗಯ್ಯ ನೇರ ಅತ್ತಿಗೆಯ ಹತ್ತಿರ ಬಂದರು. "ಅತ್ತಿಗೆ, ದೇವ್ರುದ್ದೋ ಧರ್ಮದ್ದೋ ಓದ್ರಿ, ಯಾರ್ ಬ್ಯಾಡ ಅಂತಾರೆ? ಇಂಥವೆಲ್ಲ ಯಾಕೆ?"

"ಬಾಗ್ಲಿಲ್ಲದ ಕಡೆ ಹೋಗಿ ಕೂತ್ಕೊ ಅಂತ ಯಾವ ಧರ್ಮದಾಗೆ ಬರ್ದೈತೆ, ಶಂಭು?"

ಅಲ್ಲಿಗೆ ಮಾತು ನಿಂತಿತು. ಆದರೆ ಮುಂದಿನ ವಾರ ಶಿವರುದ್ರಮ್ಮ ಗ್ರಂಥಾಲಯಕ್ಕೆ ಹೋದರೆ ಕಾದಂಬರಿಗಳ ಕಪಾಟು ಬರಿದಾಗಿತ್ತು. ಮೋಹನ್ ಕುಮಾರ ತಲೆ ತಗ್ಗಿಸಿಕೊಂಡೇ ಹೇಳಿದ: "ಗೆದ್ದಲು ಹತ್ತೈತಂತೆ ಅಮ್ಮ. ಮೆಂಬರು ಬೇರೆ ಕಡೆ ಇಡ್ಸಿದಾರೆ. ಬಣ್ಣ ಹೊಡೆದ್ಮೇಲೆ ವಾಪಸ್ ಬತ್ತವೆ."

"ಕಾದಂಬರಿಗೆ ಮಾತ್ರ ಹತ್ತಿತಾ? ಪಕ್ಕದ ಅಡುಗೆ ಪುಸ್ತಕ ರುಚಿ ಹತ್ತಲಿಲ್ವಂತಾ ಗೆದ್ದಲಿಗೆ?"

ಅವನು ರಿಜಿಸ್ಟರಿನ ಪುಟ ತಿರುವಿದ. ಮೆಂಬರು ಹೇಳಿದ್ದನ್ನು ಮೀರುವ ಸ್ಥಿತಿ ಅವನದಲ್ಲ ಎಂಬುದು ಅವರಿಗೂ ಗೊತ್ತಿತ್ತು. ವಾರಗಳು ಕಳೆದವು. ಬಣ್ಣದ ಡಬ್ಬವೂ ಬರಲಿಲ್ಲ, ಬ್ರಷ್ಷೂ ಬರಲಿಲ್ಲ. ಶೆಡ್ಡಿನ ಓದು ಅರ್ಧಕ್ಕೇ ನಿಂತು, ಇಟ್ಟಿಗೆ ಗೂಡಿನ ಹೆಂಗಸರು ಮಾಲೀಕನ ಎದುರು ನಿಂತವರು ನಿಂತೇ ಇದ್ದರು. "ಕಟ್ಸಿದ್ನಾ ಇಲ್ವಾ, ಅದಾದ್ರೂ ಹೇಳ್ರವ್ವ" ಎಂದು ಚಿಕ್ಕಗೌರಮ್ಮ ದಿನವೂ ಕೇಳುವಳು. "ನಂಗೇನ್ ಗೊತ್ತು, ಪುಸ್ತಕ ವಾಪಸ್ ಕೊಟ್ಟಿದ್ನಲ್ಲ, ಇನ್ನೊಂದ್ ಸಲ ನನ್ ಹೆಸರಿಗೆ ಬರ್ಸಕೆ" ಎಂದು ಶಿವರುದ್ರಮ್ಮ ಮುಖ ತಿರುಗಿಸುವರು. ಆ ದಿನಗಳಲ್ಲಿ ಅವರು ಮನೆಯಲ್ಲಿ ಪಾತ್ರೆ ಇಡುವ ಸದ್ದು ನಯನಳ ಅಡುಗೆಮನೆಯವರೆಗೂ ಕೇಳುತ್ತಿತ್ತು.

ಶಂಭುಲಿಂಗಯ್ಯ ಬುದ್ಧಿವಂತರೇ. ಆದರೆ ಹುಟ್ಟಿನಿಂದ ಕೊಬ್ಬರಿಯವರು. ಬೆಲೆಬಾಳುವುದನ್ನಾಗಲಿ, ಯಾರೂ ಮುಟ್ಟಬಾರದ್ದನ್ನಾಗಲಿ ಇಡಲು ಅವರಿಗೆ ಗೊತ್ತಿದ್ದ ಜಾಗ ಒಂದೇ. ಅಣ್ಣತಮ್ಮಂದಿರ ಮನೆ ಭಾಗವಾದಾಗ ಹಜಾರದ ನಡುವೆ ಗೋಡೆ ಎದ್ದಿತ್ತು, ಒಲೆ ಎರಡಾಗಿತ್ತು. ಅಟ್ಟಕ್ಕೆ ಮಾತ್ರ ಗೋಡೆ ಹಾಕಿರಲಿಲ್ಲ. ಗಾಳಿ ಆಡದಿದ್ದರೆ ಕಾಯಿ ಕೆಡುತ್ತದೆಂದು ಆ ಸೀಮೆಯಲ್ಲಿ ಅಟ್ಟವನ್ನು ಯಾರೂ ಭಾಗ ಮಾಡುವುದಿಲ್ಲ. ಶಂಭುಲಿಂಗಯ್ಯ ತಮ್ಮ ಕಡೆಯ ಏಣಿ ಹತ್ತಿ ಪುಸ್ತಕ ತುಂಬಿದ ಚೀಲಗಳನ್ನಿಟ್ಟರು. ಅದೇ ಅಟ್ಟಕ್ಕೆ ಆಚೆ ಕಡೆಯಿಂದಲೂ ಒಂದು ಏಣಿ ಇದೆ ಎಂಬುದು ಅವರ ತಲೆಗೆ ಬರಲಿಲ್ಲ.

ಒಂದು ದಿನ ನಯನ ಇಂಪನಾಳ ಕೈ ಹಿಡಿದು ಪಕ್ಕದ ಮನೆಗೆ ಹೆಪ್ಪಿಗೆ ಒಂದಿಷ್ಟು ಮೊಸರು ಕೇಳಲು ಹೋಗಿದ್ದಳು. ಶಿವರುದ್ರಮ್ಮ ಅಟ್ಟದ ಮೇಲೆ ಕಾಯಿ ಅಲ್ಲಾಡಿಸಿ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಸದ್ದು ನಿಂತಿತು.

"ನಯನಾ, ಏಣಿ ಗಟ್ಟಿಯಾಗಿ ಹಿಡ್ಕೊ. ಸರ್ಕಾರದ ಮಾಲು ಇಳೀತೈತೆ."

ಗೋಣಿಚೀಲ ಒಂದೊಂದಾಗಿ ಇಳಿದವು. ಬಾಯಿ ಬಿಚ್ಚಿದರೆ ಕಾದಂಬರಿಗಳು, ಹೊಗೆವಾಸನೆ ಹೊಡೆಯುತ್ತ. ಕಟ್ಟೆಯ ಮೇಲೆ ಕೂತಿದ್ದ ರೇವಣಸಿದ್ದಯ್ಯ ಬಗ್ಗಿ ನೋಡಿ, "ಗೆದ್ದಲು ಭಾರಿ ಶಿಸ್ತಿನದು. ಚೀಲಕ್ಕೆ ತುಂಬಿ ದಾರಾನೂ ಕಟ್ಟೈತೆ" ಎಂದರು.

"ದೊಡ್ಡಮ್ಮ, ಸಂಜೆ ಕತ್ತಲಾದ್ಮೇಲೆ ತಗೊಂಡ್ ಹೋಗಣ. ಯಾಕೆ ಸುಮ್ನೆ ಜಗಳ" ಎಂದಳು ನಯನ. ಅವಳ ಭಯಕ್ಕೆ ಕಾರಣವಿತ್ತು. ಗಂಡ ಯೋಗೀಶ್ ತೋಟದ ಕೊಬ್ಬರಿಯನ್ನೆಲ್ಲ ಹಾಕುತ್ತಿದ್ದದ್ದು ಶಂಭುಲಿಂಗಯ್ಯನ ಮಂಡಿಗೇ.

"ಕದ್ದೋರು ಕತ್ತಲಲ್ಲಿ ಓಡಾಡ್ಲಿ. ನಾವ್ಯಾಕೆ?"

ಮಂಕರಿ ಬುಟ್ಟಿಗಳು ಬಂದವು. ಶೆಡ್ಡಿನ ಹೆಂಗಸರು ಮಚ್ಚು ಕೆಳಗಿಟ್ಟು ಎದ್ದರು. ಕೊಬ್ಬರಿ ಹೊರುವ ಮಂಕರಿಗಳಲ್ಲಿ ಕಾದಂಬರಿಗಳನ್ನು ಹೊತ್ತು, ನಡುಮಧ್ಯಾಹ್ನ, ಊರ ನಡುಬೀದಿಯಲ್ಲಿ ನಡೆದರು. ನಯನಳೂ ಒಂದು ಮಂಕರಿಯನ್ನು ಸೊಂಟಕ್ಕಿಟ್ಟುಕೊಂಡಳು. ಮೋಹನ್ ಕುಮಾರ ಬಾಗಿಲಲ್ಲಿ ನಿಂತು ನೋಡಿದ. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಅರಳಿತು. ಕಪಾಟು ತುಂಬುವ ಕೆಲಸವನ್ನು ಪೊಲೀಸ್ ಪರೀಕ್ಷೆಯ ಹುಡುಗರು ವಹಿಸಿಕೊಂಡರು. ಶಿವರುದ್ರಮ್ಮ ಇಟ್ಟಿಗೆ ಗೂಡಿನ ಪುಸ್ತಕ ಹುಡುಕಿ ತೆಗೆದು, ಗ್ರಂಥಾಲಯದ ಜಗಲಿಯ ಮೇಲೆ ಕೂತು, ಬಿಟ್ಟಲ್ಲಿಂದ ಓದತೊಡಗಿದರು.

ಸುದ್ದಿ ಮುಟ್ಟಿ ಶಂಭುಲಿಂಗಯ್ಯ ಬೈಕಿನಲ್ಲಿ ಬಂದಾಗ ಅರ್ಧ ಊರು ಅಲ್ಲಿತ್ತು.

"ಅತ್ತಿಗೆ, ಎದ್ದೇಳ್ರಿ. ಕೆಲಸದ ಹೊತ್ತಲ್ಲಿ ಏನಿದು?"

"ಶೆಡ್ ನಿಂದು ಶಂಭು. ಅಲ್ಲಿ ಓದ್ಬ್ಯಾಡ ಅಂದ್ರೆ ಓದಲ್ಲ. ಈ ಜಗಲಿ ಊರಿಂದು."

"ಅಣ್ಣಾ, ನೀವೂ ಕೂತಿದೀರಲ್ಲ."

ರೇವಣಸಿದ್ದಯ್ಯ ಪಕ್ಕಕ್ಕೆ ಸರಿದು ಜಾಗ ಮಾಡಿದರು. "ಮಾಲೀಕ ಕಟ್ಸೋ ಹಂಗ್ ಕಾಣ್ತಾನಪ್ಪ. ಕೂತ್ಕೊ, ಇನ್ನೇನ್ ಗೊತ್ತಾಗ್ತದೆ."

ಶಂಭುಲಿಂಗಯ್ಯ ಕೂರಲಿಲ್ಲ. ಆದರೆ ಬೈಕನ್ನು ತಿರುಗಿಸುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು: "ಓದ್ರಿ ಓದ್ರಿ. ಇರೋದ್ನ ಎಷ್ಟು ದಿನ ಓದ್ತೀರ? ಹೊಸ ಪುಸ್ತಕ ಯಾವ್ ಬರ್ಬೇಕು ಅಂತ ಇನ್ಮೇಲೆ ಗ್ರಂಥಾಲಯ ಸಮಿತಿ ತೀರ್ಮಾನ ಮಾಡ್ತದೆ. ಸೋಮವಾರ ಸಮಿತಿ ಮಾಡ್ತಾ ಇದೀವಿ."

ಹೆಂಗಸರ ನಗು ಅರ್ಧಕ್ಕೆ ನಿಂತಿತು. ಶಿವರುದ್ರಮ್ಮ ಬೆರಳನ್ನು ಪುಟದ ಮೇಲೆ ಇಟ್ಟುಕೊಂಡೇ ಬೈಕು ಹೋದ ದಾರಿಯನ್ನು ನೋಡಿದರು. ಮುಂದೆ ಕೈಗೆ ಬರುವ ಪುಸ್ತಕ ಒಂದೂ ಹೊಸದಲ್ಲ, ಒಬ್ಬರೂ ಮಾತಾಡಿಸದ ಲೇಖಕ ಇನ್ನು ಈ ಊರಿನ ಬಸ್ಸೇ ಹತ್ತುವುದಿಲ್ಲ ಅಂದರೆ, ಅವರ ಪಾಲಿಗೆ ಕಪಾಟು ಮತ್ತೆ ಬರಿದಾದಂತೆಯೇ.

ಮರುದಿನ ಬೆಳಗ್ಗೆ ನಯನ, ಆ ವರ್ಷವಷ್ಟೇ ಶಾಲೆಗೆ ಸೇರಿದ್ದ ಇಂಪನಾಳಿಗೆ ಜಡೆ ಹಾಕುತ್ತಿದ್ದಾಗ ಶಿವರುದ್ರಮ್ಮ ಬಂದು ಹೊಸ್ತಿಲ ಮೇಲೆ ಕೂತರು. ಕಾಫಿ ಬೇಡವೆಂದರು. ಅವರು ಕಾಫಿ ಬೇಡ ಅಂದದ್ದನ್ನು ನಯನ ಹಿಂದೆ ಕೇಳಿಯೇ ಇರಲಿಲ್ಲ.

"ಸಮಿತಿಗೆ ಶಾಲೆ ಮಕ್ಕಳ ತಾಯಂದಿರ ಪೈಕಿ ಒಬ್ಬರು ಇರಲೇಬೇಕಂತೆ. ಮೋಹನ್ ಹೇಳ್ದ. ಯಾರೂ ಮುಂದೆ ಬರಲ್ಲ ಅಂತ ಶಂಭು ತನ್ನ ಕಡೆಯೋರ ಹೆಸರು ಬರ್ಸಕೆ ಹೊಂಟವ್ನೆ."

ನಯನಳ ಕೈ ಜಡೆಯಲ್ಲೇ ನಿಂತಿತು. "ದೊಡ್ಡಮ್ಮ, ನಮ್ ಕೊಬ್ಬರಿಯೆಲ್ಲ ಅವರ ಮಂಡಿಗೇ..."

"ಗೊತ್ತು ಕಣೇ. ತಿಪಟೂರಲ್ಲಿ ಅವನದೊಂದೇ ಮಂಡಿ ಅಲ್ಲ, ಅದೂ ನಿಂಗೆ ಗೊತ್ತು. ನಾನ್ ನಿಂತ್ರೆ ಮನೆ ಜಗಳ ಅಂತಾರೆ. ನನ್ ಮಾತಿಗೆ ಬೆಲೆ ಇರಲ್ಲ." ಶಿವರುದ್ರಮ್ಮ ಮಗುವಿನ ರಿಬ್ಬನ್ನನ್ನು ತಾವೇ ಎತ್ತಿ ಅವಳ ಕೈಗೆ ಕೊಟ್ಟರು. "ಇಷ್ಟು ದಿನ ನಿನ್ ಹತ್ರ ಏನೂ ಕೇಳಿಲ್ಲ. ಒಂದ್ ಉಪಕಾರ ಮಾಡು. ಸೋಮವಾರ ಹೋಗಿ ನಿನ್ ಹೆಸರು ಕೊಟ್ಟು ಬಾ. ಯೋಗೀಶನ್ನ ಕೇಳ್ಬುಟ್ಟು ಹೇಳ್ತೀನಿ ಅನ್ಬ್ಯಾಡ. ಅವನಿಗೆ ಹೇಳ್ಬುಟ್ಟು ಹೋಗು."